ದನಿ ಯಾವ ಕಡೆಯಿಂದ ಬರಬೇಕು? ಆಲನ್ ಬ್ಲಮ್‌ಲೈನ್ ಎಂಬ ಎಂಜಿನಿಯರನ ಕತೆ

ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವರನ್ನು ನೆಂಟರು ಎಂಜಿನಿಯರ್ ಅಂತ ನೆನೆಸಿಕೊಳ್ಳೋದು ಮನೆಗೆ ವೈರ್ ಇರುವ ಸಾಮಾನು ಬಂದಾಗ ಮಾತ್ರ. ಈ ವರ್ಷ ನನಗೆ ಅಂಥ ಎರಡು ಫೋನ್ ಬಂದವು. ಒಂದು ಬೆಳಗಾವಿಯ ಟಿಳಕವಾಡಿಯಲ್ಲಿರುವ ಗೆಳೆಯನದು. ಅವನದು 11 ಅಡಿ ಅಗಲ, 13 ಅಡಿ ಉದ್ದದ ಹಾಲ್. ಇನ್ನೊಂದು ಖಾನಾಪುರದ ಸೋದರಮಾವನದು, ಹಂಚಿನ ಮನೆ. ಇಬ್ಬರೂ ಹೋಮ್ ಥಿಯೇಟರ್ ತಂದಿದ್ದರು. ಮುಂದಿನ ಮೂರು ಸ್ಪೀಕರ್ ಟಿವಿ ಪಕ್ಕ ಆರಾಮಾಗಿ ಕೂತಿದ್ದವು. ಉಳಿದವನ್ನು, ಅಂದ್ರೆ ಪಕ್ಕದ ಸರೌಂಡ್ ಎರಡು ಮತ್ತು ಮೇಲಿನ ಹೈಟ್ ಎರಡು, ಎಲ್ಲಿ ಹೊಡೆಯೋದು ಅನ್ನೋದೇ ಇಬ್ಬರ ಪ್ರಶ್ನೆ.

ಉತ್ತರ ಇರೋದು ಕೋನಗಳ ಲೆಕ್ಕದಲ್ಲಿ. ನೀವು ಕೂರುವ ಜಾಗದಿಂದ ಟಿವಿಯ ನಡುವಿಗೆ ಒಂದು ಗೆರೆ ಎಳೆಯಿರಿ, ಅದು 0 ಡಿಗ್ರಿ. ಮುಂದಿನ ಎಡ ಬಲ ಸ್ಪೀಕರ್ ಆ ಗೆರೆಯಿಂದ 22ರಿಂದ 30 ಡಿಗ್ರಿ ಆಚೀಚೆ. ಸರೌಂಡ್ ಎರಡೇ ಇದ್ದರೆ ಕಿವಿಯ ನೇರಕ್ಕಿಂತ ತುಸು ಹಿಂದೆ, 110 ಡಿಗ್ರಿ ಆಸುಪಾಸು. ನಾಲ್ಕಿದ್ದರೆ ಎರಡು ಪಕ್ಕದಲ್ಲಿ 90ರಿಂದ 110, ಇನ್ನೆರಡು ಬೆನ್ನ ಹಿಂದೆ 135ರಿಂದ 150. ಎತ್ತರ ಕೂತವರ ಕಿವಿಯ ಮಟ್ಟ, ಇಲ್ಲಾ ಸ್ವಲ್ಪ ಮೇಲೆ. ನಮ್ಮ ಕಡೆ ಹೆಚ್ಚಿನವರು ಮಾಡೋದು ಬೇರೆ. ಮೂಲೆಯಲ್ಲಿ, ಫ್ಯಾನಿನ ಎತ್ತರಕ್ಕೆ ಮೊಳೆ ಹೊಡೆದು ನೇತುಹಾಕಿಬಿಡ್ತಾರೆ. ಆಗ ಅದು ಸರೌಂಡೂ ಆಗಲ್ಲ, ಹೈಟೂ ಆಗಲ್ಲ. ಗೆಳೆಯನ ಸೋಫಾ ಹಿಂದಿನ ಗೋಡೆಗೆ ಅಂಟಿಕೊಂಡಿತ್ತು, ಅದನ್ನು ಎರಡಡಿ ಮುಂದೆ ಎಳೆಸಿದೆ. ಒಂದು ಬದಿಗೆ ಬಾಗಿಲಿದ್ದದ್ದರಿಂದ ಆ ಕಡೆಯ ಸ್ಪೀಕರ್ ಸ್ಟ್ಯಾಂಡ್ ಮೇಲೆ, ಇನ್ನೊಂದಕ್ಕಿಂತ ಹತ್ತಿರ ಬಂತು. ದನಿ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತೆ. ಟೇಪ್ ಹಿಡಿದು ದೂರ ಅಳೆದು ರಿಸೀವರ್‌ನಲ್ಲಿ ತುಂಬಿದರೆ ಹತ್ತಿರದ ಸ್ಪೀಕರನ್ನು ಅದು ಅಷ್ಟೇ ಹೊತ್ತು ತಡೆಹಿಡಿಯುತ್ತೆ.

ಎಲ್ಲ ಮುಗಿದ ಮೇಲೆ ಗೆಳೆಯ ಇನ್ನೊಂದು ಪ್ರಶ್ನೆ ಕೇಳಿದ. ಪಿಕ್ಚರ್ ನಡೆಯೋದು ಮುಂದೆ, ದನಿ ಸುತ್ತಲಿಂದ ಯಾಕೆ ಬರಬೇಕು? ಈ ತರದ ಪ್ರಶ್ನೆಯನ್ನು 1931ರಲ್ಲೇ ಒಬ್ಬ ಗಂಭೀರವಾಗಿ ತಗೊಂಡಿದ್ದ. ಹೆಸರು ಆಲನ್ ಡೋವರ್ ಬ್ಲಮ್‌ಲೈನ್. ಧ್ವನಿಮುದ್ರಣ ಬಲ್ಲವರಿಗೆ ಬಹಳ ದೊಡ್ಡ ಹೆಸರು, ಸ್ಟೀರಿಯೋದ ಜನಕ. 38ನೇ ವಯಸ್ಸಿಗೆ ಸತ್ತ. ಸತ್ತ ಸುದ್ದಿಯನ್ನೇ ಅವನ ಸರ್ಕಾರ ವರ್ಷಗಟ್ಟಲೆ ಮುಚ್ಚಿಟ್ಟಿತು. ನನಗೆ ಅವನ ಬದುಕು ಕಾಡೋದು ಈ ಎರಡನೇ ಕಾರಣಕ್ಕೆ.

ಹುಟ್ಟಿದ್ದು 1903ರ ಜೂನ್ 29ರಂದು, ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ. ಅಪ್ಪ ಸೆಮ್ಮಿ ಜರ್ಮನಿಯಲ್ಲಿ ಹುಟ್ಟಿ ಬ್ರಿಟಿಷ್ ಪ್ರಜೆಯಾದವರು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಅಮ್ಮ ಜೆಸ್ಸಿಯ ಅಪ್ಪ ದಕ್ಷಿಣ ಆಫ್ರಿಕಾದಲ್ಲಿದ್ದ ಸ್ಕಾಟಿಷ್ ಪಾದ್ರಿ ವಿಲಿಯಂ ಡೋವರ್, ಲಂಡನ್ ಮಿಷನರಿ ಸೊಸೈಟಿಯವರು. ಅದೇ ಸೊಸೈಟಿ 1820ರಲ್ಲಿ ಬೆಳಗಾವಿಗೂ ಬಂದಿತ್ತು. ಊರಿನ ಬೆನನ್ ಸ್ಮಿತ್ ಶಾಲೆ ಅವರದೇ ಗುರುತು. ಸಾಮ್ರಾಜ್ಯ ಅಂದ್ರೆ ಇದೇ, ಯಾವ ದಾರ ಎಳೆದರೂ ಇನ್ನೊಂದು ತುದಿ ನಮ್ಮೂರಲ್ಲಿ ಸಿಗುತ್ತೆ.

ಹುಡುಗನ ಬಗ್ಗೆ ಎರಡು ಕತೆ ಉಳಿದಿವೆ. ಏಳರ ವಯಸ್ಸಿನಲ್ಲಿ ಮನೆಯ ಕರೆಗಂಟೆ ರಿಪೇರಿ ಮಾಡಿ, ಎಲೆಕ್ಟ್ರಿಕಲ್ ಎಂಜಿನಿಯರ್ ಅಂತ ಸಹಿ ಹಾಕಿ ಅಪ್ಪನಿಗೇ ಬಿಲ್ ಕೊಟ್ಟನಂತೆ. ಇನ್ನೊಂದು, ಹನ್ನೆರಡಾದರೂ ಅವನಿಗೆ ಓದು ಸರಿಯಾಗಿ ಬರುತ್ತಿರಲಿಲ್ಲ. ಗಣಿತ ಮಾತ್ರ ಬರುತ್ತಿತ್ತು. ನಮ್ಮಲ್ಲಾಗಿದ್ದರೆ ಅಷ್ಟೊತ್ತಿಗೆ ದಡ್ಡ ಅಂತ ಹಿಂದಿನ ಬೆಂಚಿಗೆ ಹಾಕಿ ಮುಗಿಸಿರುತ್ತಿದ್ದರು. ಅವನು ಲಂಡನ್ನಿನ ಸಿಟಿ ಆಂಡ್ ಗಿಲ್ಡ್ಸ್ ಕಾಲೇಜಿನಲ್ಲಿ ಓದಿ 1923ರಲ್ಲಿ ಫಸ್ಟ್ ಕ್ಲಾಸ್ ಡಿಗ್ರಿ ಪಡೆದ.

1924ರಲ್ಲಿ ಕೆಲಸಕ್ಕೆ ಸೇರಿದ. ಗಾಂಧೀಜಿ ಬೆಳಗಾವಿಗೆ ಬಂದು ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದ ವರ್ಷ ಅದು. ಬ್ಲಮ್‌ಲೈನ್ ಸೇರಿದ ಕಂಪನಿ ಇಂಟರ್‌ನ್ಯಾಷನಲ್ ವೆಸ್ಟರ್ನ್ ಎಲೆಕ್ಟ್ರಿಕ್. ದೂರದ ಟೆಲಿಫೋನ್ ಲೈನಿನಲ್ಲಿ ಒಬ್ಬರ ಮಾತು ಇನ್ನೊಬ್ಬರ ಲೈನಿಗೆ ಸೋರೋದನ್ನು ತಡೆಯುವ ಕೆಲಸ. ಅದರ ಜೊತೆಗೆ ಮನುಷ್ಯರ ಕಿವಿ ಯಾವ ಸ್ವರಕ್ಕೆ ಎಷ್ಟು ಸ್ಪಂದಿಸುತ್ತೆ ಅಂತ ಅಳೆಯುವ ಕೆಲಸವೂ ಇತ್ತು. ಯಂತ್ರಕ್ಕಿಂತ ಮೊದಲು ಕಿವಿಯನ್ನು ಅಳೆದವನು ಅವನು. ಮುಂದಿನದೆಲ್ಲ ಇಲ್ಲಿಂದ ಬಂತು ಅಂತ ನನ್ನ ಅನಿಸಿಕೆ.

ಕಿವಿಯ ಲೆಕ್ಕ ಸರಳ, ಆದರೆ ಬೆರಗಾಗುವಂಥದ್ದು. ಬಲಗಡೆಯಿಂದ ದನಿ ಬಂದರೆ ಬಲಗಿವಿಗೆ ಮೊದಲು ಮುಟ್ಟುತ್ತೆ, ಎಡಗಿವಿಗೆ ಹೆಚ್ಚೆಂದರೆ ಒಂದು ಸೆಕೆಂಡಿನ 1,500ನೇ ಒಂದು ಭಾಗ ತಡವಾಗಿ. ದಪ್ಪ ದನಿಗಳಲ್ಲಿ ಮೆದುಳು ಈ ತಡವನ್ನು ಹಿಡಿಯುತ್ತೆ. ಸಣ್ಣ, ಚೂಪು ದನಿಗಳಲ್ಲಿ ತಲೆಯೇ ಅಡ್ಡ ಬಂದು ಆಚೆ ಕಿವಿಗೆ ನೆರಳಾಗುತ್ತೆ, ಮೆದುಳು ಆ ನೆರಳನ್ನು ಹಿಡಿಯುತ್ತೆ. ಬೆಳಗಾವಿಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ ಬಿಡ್ರಿ. ನವೆಂಬರ್ 1ರಂದು ಚನ್ನಮ್ಮ ವೃತ್ತದ ಕಡೆಯಿಂದ ರಾಜ್ಯೋತ್ಸವದ ಡಿಜೆ, ಅದೇ ದಿನ ಎಂಇಎಸ್‌ನ ಕರಾಳ ದಿನದ ಘೋಷಣೆ. ಕಣ್ಣು ಮುಚ್ಚಿಕೊಂಡರೂ ಯಾವುದು ಯಾವ ಕಡೆ ಅಂತ ಊರಿಗೆಲ್ಲ ಗೊತ್ತು.

1929ರಲ್ಲಿ ಬ್ಲಮ್‌ಲೈನ್ ಕೊಲಂಬಿಯಾ ಗ್ರಾಫೊಫೋನ್ ಕಂಪನಿಗೆ ಹೋದ. ಅಲ್ಲಿ ಬಾಸ್ ಐಸಾಕ್ ಶೋನ್‌ಬರ್ಗ್, ರಷ್ಯಾದಿಂದ ವಲಸೆ ಬಂದ ಯಹೂದಿ. ರೆಕಾರ್ಡ್ ಕೊರೆಯುವ ಯಂತ್ರದ ಪೇಟೆಂಟ್ ಅಮೆರಿಕದವರ ಕೈಲಿತ್ತು, ಪ್ರತಿ ರೆಕಾರ್ಡಿಗೂ ಅವರಿಗೆ ರಾಯಲ್ಟಿ ಹೋಗುತ್ತಿತ್ತು. ಆ ಪೇಟೆಂಟಿಗೆ ತಾಗದ ಹೊಸ ಯಂತ್ರ ಮಾಡು ಅನ್ನೋದು ಬ್ಲಮ್‌ಲೈನ್‌ಗೆ ಸಿಕ್ಕ ಕೆಲಸ. ಮಾಡಿದ, ಹಳೆಯದಕ್ಕಿಂತ ಚೆನ್ನಾಗೇ ಮಾಡಿದ. 1931ರಲ್ಲಿ ಕೊಲಂಬಿಯಾ ಮತ್ತು ಗ್ರಾಮೊಫೋನ್ ಕಂಪನಿ ಕೂಡಿ ಇಎಂಐ ಆಯಿತು. ಇಎಂಐ ಅಂದ ಕೂಡಲೇ ನಿಮಗೆ ನೆನಪಾಗೋದು ತಿಂಗಳ ಕಂತು ಅಂತ ಗೊತ್ತು, ನನ್ನ ಗೆಳೆಯನ ಹೋಮ್ ಥಿಯೇಟರೂ ಅದರ ಮೇಲೇ ಬಂದಿದ್ದು. ಆದರೆ ನಮ್ಮ ಅಜ್ಜಂದಿರಿಗೆ ಈ ಕಂಪನಿ ಗೊತ್ತಿದ್ದದ್ದು ಗ್ರಾಮೊಫೋನ್ ಮುಂದೆ ಕೂತ ನಾಯಿಯಿಂದ, ಎಚ್‌ಎಂವಿ ಅನ್ನೋ ಮೂರು ಅಕ್ಷರದಿಂದ. ಭಾರತಕ್ಕೆ ಬೇಕಾದ ರೆಕಾರ್ಡುಗಳನ್ನು ಕೋಲ್ಕತ್ತದ ದಮ್ ದಮ್‌ನಲ್ಲಿ ಒತ್ತುತ್ತಿದ್ದರು.

ಅದೇ 1931. ಬ್ಲಮ್‌ಲೈನ್ ಮುಂದೆ ತನ್ನ ಹೆಂಡತಿಯಾಗಲಿದ್ದ ಡೊರೀನ್ ಜೊತೆ ಸಿನಿಮಾಗೆ ಹೋದ. ಟಾಕಿ ಬಂದು ನಾಲ್ಕೇ ವರ್ಷ. ಪರದೆ ಅಷ್ಟಗಲ, ಸ್ಪೀಕರ್ ಒಂದೇ. ನಟ ಪರದೆಯ ಒಂದು ತುದಿಯಲ್ಲಿ ನಿಂತು ಮಾತಾಡಿದರೂ ದನಿ ಬೇರೆಲ್ಲಿಂದಲೋ ಬರುತ್ತೆ. ಜನಕ್ಕೆ ಇದು ತಪ್ಪು ಅಂತ ಅನಿಸಲೇ ಇಲ್ಲ; ಮಾತು ಕೇಳ್ತಿದೆಯಲ್ಲ, ಸಾಕು. ಇವನಿಗೆ ಮಾತ್ರ ತಡೆಯೋಕಾಗಲಿಲ್ಲ. ದನಿ ಮನುಷ್ಯನ ಹಿಂದೆಯೇ ನಡೆದುಹೋಗುವಂತೆ ಮಾಡುವ ದಾರಿ ತನಗೆ ಗೊತ್ತು ಅಂತ ಡೊರೀನ್‌ಗೆ ಹೇಳಿದನಂತೆ. 1931ರ ಡಿಸೆಂಬರ್ 14ರಂದು ಪೇಟೆಂಟ್ ಅರ್ಜಿ ಹಾಕಿದ. ಸಂಖ್ಯೆ 394,325. ಒಳಗೆ 70 ಹಕ್ಕುಗಳು.

ಆ ಪೇಟೆಂಟ್ ಒಮ್ಮೆ ತಿರುವಿಹಾಕಿದರೆ ಸಂಕಟವಾಗುತ್ತೆ, ಒಬ್ಬನಿಗೆ ಒಂದೇ ಸಲ ಇಷ್ಟು ಹೊಳೆಯಬಾರದು. ಎರಡು ಮೈಕನ್ನು ಒಂದೇ ಜಾಗದಲ್ಲಿ ಬೇರೆಬೇರೆ ದಿಕ್ಕಿಗೆ ತಿರುಗಿಸಿಡೋದು. ಇವತ್ತಿಗೂ ಸ್ಟುಡಿಯೋದವರು ಅದನ್ನು ಬ್ಲಮ್‌ಲೈನ್ ಜೋಡಿ ಅಂತಲೇ ಕರೀತಾರೆ. ರೆಕಾರ್ಡಿನ ಒಂದೇ ಗೀರಿನ ಎರಡು ಗೋಡೆಗಳಲ್ಲಿ ಎರಡು ಚಾನೆಲ್ ಕೊರೆಯೋದು. ಮೈಕುಗಳ ನಡುವಿನ ಸಮಯದ ವ್ಯತ್ಯಾಸವನ್ನು ಸ್ಪೀಕರುಗಳ ಜೋರಿನ ವ್ಯತ್ಯಾಸವಾಗಿ ಬದಲಿಸೋದು. ಈ ಕೊನೆಯದರಲ್ಲೇ ಸ್ಪೀಕರ್ ಇಡುವ ಗುಟ್ಟಿದೆ. ಮುಂದಿರುವ ಎರಡು ಸ್ಪೀಕರ್ ಒಂದೇ ದನಿ ಹೊರಡಿಸಿದರೆ ಅದು ಎರಡರ ನಡುವಿನ ಖಾಲಿ ಜಾಗದಿಂದ ಬಂದಂತೆ ಕೇಳುತ್ತೆ. ಒಂದನ್ನು ಜೋರು ಮಾಡಿದರೆ ದನಿ ಆ ಕಡೆ ಸರಿಯುತ್ತೆ. ಆದರೆ ಈ ಕಣ್ಕಟ್ಟು ನಡೆಯೋದು ಎದುರಿಗೆ ಮಾತ್ರ. ಪಕ್ಕದಲ್ಲಿ ಕಿವಿ ಮೋಸ ಹೋಗಲ್ಲ. ಪಕ್ಕದಿಂದ ದನಿ ಬೇಕಂದ್ರೆ ಅಲ್ಲಿ ನಿಜವಾಗಿಯೂ ಒಂದು ಸ್ಪೀಕರ್ ಇರಲೇಬೇಕು. ಗೆಳೆಯನ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಇಷ್ಟೇ.

ನ್ಯಾಯವಾಗಿ ಒಂದು ಮಾತು: ಅದೇ ಕಾಲಕ್ಕೆ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಹಾರ್ವೆ ಫ್ಲೆಚರ್ ತಂಡವೂ ಇದೇ ಹುಡುಕಾಟದಲ್ಲಿತ್ತು. ಯಾವ ಆವಿಷ್ಕಾರವೂ ಒಬ್ಬನೇ ಒಬ್ಬನ ಆಸ್ತಿ ಅಲ್ಲ.

1934ರ ಜನವರಿಯಲ್ಲಿ ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ ಥಾಮಸ್ ಬೀಚಮ್ ನಡೆಸುತ್ತಿದ್ದ ಮೊಜಾರ್ಟ್‌ನ ಜುಪಿಟರ್ ಸಿಂಫನಿಯನ್ನು ಬ್ಲಮ್‌ಲೈನ್ ಎರಡು ಚಾನೆಲ್‌ನಲ್ಲಿ ಹಿಡಿದ. 1935ರಲ್ಲಿ ಪುಟ್ಟ ಪರೀಕ್ಷಾ ಸಿನಿಮಾಗಳನ್ನು ತೆಗೆದ. ಆಮೇಲೆ ಕಂಪನಿ ಈ ಕೆಲಸ ನಿಲ್ಲಿಸಿತು. ಆರ್ಥಿಕ ಕುಸಿತದ ಕಾಲ, ಒಂದು ಸ್ಪೀಕರ್ ಕೊಳ್ಳೋದಕ್ಕೇ ಜನರ ಹತ್ತಿರ ದುಡ್ಡಿಲ್ಲ, ಎರಡನೇದು ಯಾರಿಗೆ ಬೇಕು. ಸ್ಟೀರಿಯೋ ರೆಕಾರ್ಡ್ ಅಂಗಡಿಗೆ ಬಂದದ್ದು 1950ರ ದಶಕದ ಕೊನೆಗೆ. ಅಷ್ಟೊತ್ತಿಗೆ ಪೇಟೆಂಟಿನ ಅವಧಿ ಮುಗಿದಿತ್ತು, ಬರೆದವನೂ ಇರಲಿಲ್ಲ.

ಇದರ ಬಿಸಿ ನಮಗೂ ತಟ್ಟಿದೆ. ಬೆಳಗಾವಿ ಪಕ್ಕದ ಸುಳೇಭಾವಿಯಲ್ಲಿ 1924ರಲ್ಲೇ ಹುಟ್ಟಿದ ಕುಮಾರ ಗಂಧರ್ವರಂಥವರ ಎಳವೆಯ ದನಿ ನಮಗೆ ಉಳಿದಿರೋದಾದರೆ ಒಂದೇ ಚಾನೆಲ್‌ನಲ್ಲಿ. ಕಛೇರಿಯಲ್ಲಿ ಗಾಯಕರ ಬೆನ್ನಿಗೆ ಎಡಕ್ಕೊಂದು ಬಲಕ್ಕೊಂದು ತಂಬೂರಿ ಇರುತ್ತೆ, ಅದೇ ಅವರ ಸರೌಂಡ್. ಮೊನೊ ರೆಕಾರ್ಡಿಂಗ್‌ನಲ್ಲಿ ಅದೆಲ್ಲ ಒಂದು ಚುಕ್ಕೆಗೆ ಇಳಿದುಬಿಡುತ್ತೆ. ಹಂಗಂತ ರಿಸೀವರ್‌ನಲ್ಲಿ ಬಟನ್ ಒತ್ತಿ ಆ ಹಾಡನ್ನು ಏಳೂ ಸ್ಪೀಕರಿಗೆ ಹರಡಬೇಡಿ. ಇಲ್ಲದ ದಿಕ್ಕನ್ನು ಯಂತ್ರ ಊಹಿಸಿ ತುಂಬುತ್ತೆ, ಬಚ್ಚಲಲ್ಲಿ ಹಾಡಿದಂತಾಗುತ್ತೆ.

ಬ್ಲಮ್‌ಲೈನ್ ಟಿವಿ ಕಡೆ ಹೋದ. ಶೋನ್‌ಬರ್ಗ್ ತಂಡದ 405 ಗೆರೆಗಳ ಟಿವಿ ವ್ಯವಸ್ಥೆಯಲ್ಲಿ ಅವನ ಸರ್ಕ್ಯೂಟುಗಳು ತುಂಬ ಇವೆ. 1936ರ ನವೆಂಬರ್‌ನಲ್ಲಿ ಬಿಬಿಸಿ ಪ್ರಸಾರ ಶುರುವಾದದ್ದು ಇದರ ಮೇಲೆ ಮತ್ತು ಬೇರ್ಡ್ ಅವರ ಪೈಪೋಟಿಯ ವ್ಯವಸ್ಥೆಯ ಮೇಲೆ. ಕೆಲವೇ ತಿಂಗಳಲ್ಲಿ ಬೇರ್ಡ್ ವ್ಯವಸ್ಥೆ ಹೊರಬಿತ್ತು. ಒಟ್ಟು 128 ಪೇಟೆಂಟ್ ಅವನ ಹೆಸರಿನಲ್ಲಿವೆ.

ಎತ್ತರವೊಂದು ಮಾತ್ರ ಅವನ ಕೈಯಿಂದ ಬಂದದ್ದಲ್ಲ. ಅವನ ಸ್ಟೀರಿಯೋ ಎಡದಿಂದ ಬಲಕ್ಕೆ ಎಳೆದ ಒಂದು ಗೆರೆ. ತಲೆ ಮೇಲಿನ ದನಿಗೆ ಜಾಗ ಕೊಟ್ಟ ಡಾಲ್ಬಿ ಅಟ್ಮಾಸ್ ಬಂದದ್ದು 2012ರಲ್ಲಿ. ಕಿವಿ ಮೇಲು ಕೆಳಗನ್ನು ಗುರುತಿಸೋದೇ ಬೇರೆ ರೀತಿ. ಎರಡೂ ಕಿವಿಗೆ ದನಿ ಒಟ್ಟಿಗೇ ಮುಟ್ಟಿದಾಗ ಹೊರಗಿವಿಯ ಮಡಿಕೆಗಳಲ್ಲಿ ಅದು ಹೇಗೆ ತಿರುಚಿತು ಅನ್ನೋದರಿಂದ ಮೆದುಳು ಎತ್ತರ ತಿಳಿಯುತ್ತೆ. ಅದಕ್ಕೇ ಖಾನಾಪುರದ ಕೆಲಸ ಟಿಳಕವಾಡಿಗಿಂತ ಕಷ್ಟವಾಯಿತು.

ಮಾವ ತಂದಿದ್ದು ಮೇಲ್ಮುಖದ ಸ್ಪೀಕರ್. ಅದನ್ನು ಮುಂದಿನ ಸ್ಪೀಕರ್ ಮೇಲೆ ಇಟ್ಟರೆ ದನಿ ಮಾಳಿಗೆಗೆ ಬಡಿದು ಕೂತವರ ಮೇಲೆ ಬೀಳಬೇಕು. ಅದಕ್ಕೆ ಸಪಾಟಾದ, ಗಟ್ಟಿಯಾದ, ಏಳೂವರೆಯಿಂದ ಹನ್ನೆರಡು ಅಡಿ ಎತ್ತರದ ಮಾಳಿಗೆ ಬೇಕು. ಖಾನಾಪುರ ಅಂದ್ರೆ ಜೇಡಿಮಣ್ಣಿನ ಊರು, ಹಂಚು, ಇಟ್ಟಿಗೆ, ಮಡಕೆಗೆ ಹೆಸರಾದದ್ದು. ಕುಂಬಾರಿಕೆ ಕಲಿಸುವ ಕೇಂದ್ರ ಸಂಸ್ಥೆಯೇ ಅಲ್ಲಿದೆ. ಮಾವನ ಮನೆ ಸೂರು ಇಳಿಜಾರು. ಅಲ್ಲಿಗೆ ಬಡಿದ ದನಿ ಎಲ್ಲೋ ಹಾರುತ್ತೆ, ಅರ್ಧ ಹಂಚಿನ ಸಂದಿಯಲ್ಲಿ ಹೊರಗೇ ಹೋಗುತ್ತೆ. ಕಡೆಗೆ ಅವನ್ನು ವಾಪಸ್ ಕೊಡಿಸಿ, ಸಣ್ಣ ಸಾದಾ ಸ್ಪೀಕರ್ ಎರಡನ್ನು ಅಡ್ಡತೊಲೆಗೆ ಕಟ್ಟಿದೆವು, ಕೂರುವ ಜಾಗದಿಂದ ಸುಮಾರು 80 ಡಿಗ್ರಿ ಮೇಲೆ, ಅಂದ್ರೆ ನೆತ್ತಿಗಿಂತ ಒಂಚೂರು ಮುಂದೆ, ಬಾಯಿ ಕೆಳಗೆ ಮಾಡಿ. ಜೂನ್ ಬಂದರೆ ಅದೂ ಲೆಕ್ಕಕ್ಕಿಲ್ಲ. ಮಲಪ್ರಭೆ ಹುಟ್ಟುವ ಕಣಕುಂಬಿ ಅದೇ ತಾಲ್ಲೂಕಿನದು. ಅಲ್ಲಿನ ಮಳೆ ಹಂಚಿನ ಮೇಲೆ ಬೀಳತೊಡಗಿದರೆ ಎರಡು ಸ್ಪೀಕರ್ ಏನು, ಇಪ್ಪತ್ತಿದ್ದರೂ ಅದರ ಮುಂದೆ ನಿಲ್ಲಲ್ಲ.

ಹೈಟ್ ಸ್ಪೀಕರ್ ಮಾರುವ ಅಂಗಡಿಯಲ್ಲಿ ಮೊದಲು ಹಾಕಿ ತೋರಿಸೋದು ವಿಮಾನವೋ ಹೆಲಿಕಾಪ್ಟರೋ ತಲೆ ಮೇಲೆ ಹಾದುಹೋಗುವ ದೃಶ್ಯ. ಎಲ್ಲರಿಗೂ ಖುಷಿ. ಬ್ಲಮ್‌ಲೈನ್‌ನ ಕೊನೆಯ ಮೂರು ವರ್ಷ ಕಳೆದದ್ದು ಅಂಥ ವಿಮಾನಗಳಿಗಾಗಿ. ಯುದ್ಧ ಶುರುವಾದ ಮೇಲೆ ಇಎಂಐ ರೇಡಾರ್ ಕೆಲಸಕ್ಕೆ ಇಳಿಯಿತು. ಮೊದಲು ಬಾಂಬರುಗಳನ್ನು ರಾತ್ರಿ ಹುಡುಕಿ ಹೊಡೆಯುವ ವಿಮಾನಗಳ ರೇಡಾರ್, ಅದು ಲಂಡನ್ನಿನ ಜನರನ್ನು ಕಾಯುವ ಕೆಲಸ. ಆಮೇಲೆ ಎಚ್2ಎಸ್. ಇದು ಬಾಂಬರಿನ ಹೊಟ್ಟೆಯಲ್ಲಿ ಕೂತು ಕೆಳಗಿನ ನೆಲವನ್ನು ನೋಡುವ ರೇಡಾರ್. ಕತ್ತಲಿರಲಿ, ಮೋಡವಿರಲಿ, ನೀರು, ಬಯಲು, ಊರು ಬೇರೆಬೇರೆಯಾಗಿ ಕಾಣುತ್ತೆ. ದನಿಯ ದಿಕ್ಕು ಹುಡುಕಿದವನು ಈಗ ಊರುಗಳ ದಿಕ್ಕು ಹುಡುಕುತ್ತಿದ್ದ.

1942ರ ಜೂನ್ 7ರಂದು ಡೆಫರ್ಡ್ ನೆಲೆಯಿಂದ ಹ್ಯಾಲಿಫ್ಯಾಕ್ಸ್ ವಿ9977 ವಿಮಾನ ಎಚ್2ಎಸ್ ಪರೀಕ್ಷೆಗೆ ಹಾರಿತು. ಒಳಗೆ 11 ಜನ. ಬ್ಲಮ್‌ಲೈನ್ ಜೊತೆ ಇಎಂಐನ ಇನ್ನಿಬ್ಬರು, ಸೆಸಿಲ್ ಬ್ರೌನ್ ಮತ್ತು ಫ್ರಾಂಕ್ ಬ್ಲೈದನ್. ಬಲ ರೆಕ್ಕೆಯ ಹೊರಗಿನ ಎಂಜಿನ್ನಿಗೆ ಬೆಂಕಿ ಹತ್ತಿ ವೆಲ್ಷ್ ಬಿಕ್ನರ್ ಎಂಬ ಹಳ್ಳಿಯ ಬಳಿ ಬಿತ್ತು. ಯಾರೂ ಉಳಿಯಲಿಲ್ಲ. ತನಿಖೆಯಲ್ಲಿ ಸಿಕ್ಕ ಕಾರಣ, ಎಂಜಿನ್ ತಪಾಸಣೆ ವೇಳೆ ಸರಿಯಾಗಿ ಬಿಗಿಯದ ಒಂದು ಟ್ಯಾಪೆಟ್ ನಟ್. ಅದು ಸಡಿಲವಾಗಿ ವಾಲ್ವ್ ಮುರಿದು ಪೆಟ್ರೋಲ್ ಹತ್ತಿಕೊಂಡಿತ್ತು. ಖಾನಾಪುರ ರಸ್ತೆಯ ಉದ್ಯಮಬಾಗದಲ್ಲಿ ಯಾವ ಶಾಪ್‌ಗೆ ಹೋಗಿ ಕೇಳಿದರೂ ಹೇಳ್ತಾರೆ, ಒಂದು ನಟ್ ಬಿಟ್ಟುಹೋದರೆ ಏನೇನಾಗುತ್ತೆ ಅಂತ.

ಸುದ್ದಿ ಹೊರಗೆ ಹೋಗಲಿಲ್ಲ. ವಿಜ್ಞಾನಿ ಬರ್ನಾರ್ಡ್ ಲವೆಲ್ ಅವಶೇಷದ ಹತ್ತಿರ ಹೋಗಿ ಗುಟ್ಟಿನ ಯಂತ್ರದ ಚೂರುಗಳನ್ನು ಆಯ್ದು ತಂದರು. ಮನೆಯವರಿಗೂ ಬಾಯಿ ಬಿಡದಂತೆ ಹೇಳಲಾಯಿತು. ಪತ್ರಿಕೆಗಳಲ್ಲಿ ಶ್ರದ್ಧಾಂಜಲಿ ಇಲ್ಲ. ಜರ್ಮನರಿಗೆ ಸುಳಿವು ಸಿಗಬಾರದು ಅನ್ನೋದು ಕಾರಣ. ಯುದ್ಧಕಾಲದಲ್ಲಿ ಅದನ್ನು ಪೂರ್ತಿ ತಳ್ಳಿಹಾಕೋಕೆ ನನ್ನಿಂದಾಗಲ್ಲ. ಆದರೆ ಯುದ್ಧಕಾಲದ ಗುಟ್ಟು ಯುದ್ಧ ಮುಗಿದ ಮೇಲೂ ಮುಗಿಯಲ್ಲ. ಬ್ಲಮ್‌ಲೈನ್‌ನ ಪೂರ್ಣ ಜೀವನಚರಿತ್ರೆ ಅಚ್ಚಾದದ್ದು 1999ರಲ್ಲಿ, ಅವನು ಸತ್ತ 57 ವರ್ಷಕ್ಕೆ. ಡೊರೀನ್ ಇಬ್ಬರು ಗಂಡುಮಕ್ಕಳನ್ನು ಬೆಳೆಸಿದರು.

ಚರ್ಚಿಲ್ ಎಚ್2ಎಸ್ ಕೆಲಸವನ್ನು ಇನ್ನೂ ಜೋರು ಮಾಡಿಸಿದರು. ಅದನ್ನು ಮೊದಲು ಬಳಸಿದ್ದು 1943ರ ಜನವರಿ 30ರ ರಾತ್ರಿ, ಜರ್ಮನಿಯ ಹ್ಯಾಂಬರ್ಗ್ ಮೇಲೆ. ಎಲ್ಬೆ ನದಿ ಇರೋದರಿಂದ ಆ ಊರು ರೇಡಾರಿನಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಅದೇ ಜುಲೈನಲ್ಲಿ ಅದೇ ಊರಿನ ಮೇಲೆ ಹಲವು ರಾತ್ರಿಗಳ ದಾಳಿ, ಬೆಂಕಿಯ ಬಿರುಗಾಳಿ, 35 ಸಾವಿರಕ್ಕೂ ಹೆಚ್ಚು ಜನರ ಸಾವು. ಹೆಚ್ಚಿನವರು ಸೈನಿಕರಲ್ಲ. ಬ್ಲಮ್‌ಲೈನ್‌ನ ಅಪ್ಪ ಹುಟ್ಟಿದ ದೇಶ ಅದು. ಆ ದೇಶದಲ್ಲಿ ಆಗ ಯಹೂದಿಗಳನ್ನು ರೈಲಿನಲ್ಲಿ ತುಂಬಿ ಸಾಯಿಸೋಕೆ ಒಯ್ಯುತ್ತಿದ್ದದ್ದೂ ಅಷ್ಟೇ ನಿಜ; ಸೆಮ್ಮಿಯ ಕುಟುಂಬದ ಮೂಲವೂ ಯಹೂದಿ. ಇದರಲ್ಲಿ ಯಾರು ಸರಿ ಅಂತ ಟ್ವೀಟ್ ಮಾಡೋದು ಸುಲಭ, ನನಗಂತೂ ಬರೆಯೋದು ಕಷ್ಟವಾಗ್ತಿದೆ. ಹಿಟ್ಲರನನ್ನು ಸೋಲಿಸಲೇಬೇಕಿತ್ತು. ಹ್ಯಾಂಬರ್ಗಿನ ಮಕ್ಕಳನ್ನು ಸುಡಬೇಕಿರಲಿಲ್ಲ. ಎರಡೂ ಕಡೆ ಅದೇ ಸರ್ಕ್ಯೂಟ್ ಕೆಲಸ ಮಾಡಿತು.

ನಾನು ಇದನ್ನು ಬರೆಯಲು ಹೊರಟದ್ದು ಖಾನಾಪುರದಿಂದ ಬಸ್ಸಿನಲ್ಲಿ ವಾಪಸ್ ಬರುವಾಗ. ದಾರಿಯಲ್ಲಿ ಮಚ್ಛೆ, ವಿಟಿಯು ಕ್ಯಾಂಪಸ್. ರಾಜ್ಯದ ಬಹುಪಾಲು ಎಂಜಿನಿಯರುಗಳ ಡಿಗ್ರಿಗೆ ಮುದ್ರೆ ಬೀಳೋದು ಅಲ್ಲಿ. ಊರೊಳಗೆ ಮರಾಠಾ ಲಘು ಪದಾತಿದಳದ ಕೇಂದ್ರ, ಆ ಕಡೆ ಸಾಂಬ್ರಾದ ವಾಯುಪಡೆ ನೆಲೆ, ಹತ್ತರಗಿ ಕಡೆ ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಗಳು. ನಮ್ಮ ಹುಡುಗ ಹುಡುಗಿಯರು ರಕ್ಷಣಾ ಕಂಪನಿಗಳ ಇಂಟರ್ವ್ಯೂಗೆ ಹೋಗ್ತಾರೆ, ಡ್ರೋನ್ ಸಾಫ್ಟ್‌ವೇರ್ ಬರೀತಾರೆ. ಹೋಗಬೇಡಿ ಅನ್ನೋಕೆ ನಾನ್ಯಾರು, ಮನೆ ನಡೀಬೇಕಲ್ಲ. ಆದರೆ ನಾಲ್ಕು ವರ್ಷದ ಓದಿನಲ್ಲಿ ಒಂದೇ ಒಂದು ತರಗತಿಯಲ್ಲಾದರೂ, ನೀನು ಬರೆದ ಸರ್ಕ್ಯೂಟ್ ಯಾರ ಮೇಲೆ ಬೀಳುತ್ತೆ ಅಂತ ನಮ್ಮನ್ನು ಯಾರೂ ಕೇಳಲಿಲ್ಲ. ಗುಟ್ಟಿನ ಕಾಗದಕ್ಕೆ ಸಹಿ ಹಾಕಿದ ಮೇಲೆ ಆ ಪ್ರಶ್ನೆ ಕೇಳುವ ಹಕ್ಕು ಎಷ್ಟು ಉಳಿಯುತ್ತೆ ಅನ್ನೋದೂ ಚರ್ಚೆಗೆ ಬರಲಿಲ್ಲ. ಬ್ಲಮ್‌ಲೈನ್ ಮನಸ್ಸಿನಲ್ಲಿ ಏನಿತ್ತೋ, ಅದನ್ನು ಹೇಳುವ ಕಾಲ ಬರುವ ಮೊದಲೇ ಅವನು ಹೋದ.

ಗೌರವಗಳು ತಡವಾಗಿ ಬಂದವು. 1977ರಲ್ಲಿ ಲಂಡನ್ನಿನಲ್ಲಿ ಅವನಿದ್ದ ಮನೆಗೆ ನೀಲಿ ಫಲಕ, 2015ರಲ್ಲಿ ಆಬಿ ರೋಡ್‌ನಲ್ಲಿ ಐಇಇಇ ಸಂಸ್ಥೆಯ ಫಲಕ, 2017ರಲ್ಲಿ ತಾಂತ್ರಿಕ ಗ್ರ್ಯಾಮಿ. ವಿಮಾನ ಬಿದ್ದ ಜಾಗದ ಹತ್ತಿರ ಗುಡ್‌ರಿಚ್ ಕೋಟೆಯ ಪ್ರಾರ್ಥನಾ ಮಂದಿರದಲ್ಲಿ ಆ 11 ಜನರ ನೆನಪಿಗೆ ಬಣ್ಣದ ಗಾಜಿನ ಕಿಟಕಿ ಇದೆ.

1935ರ ಪರೀಕ್ಷಾ ಸಿನಿಮಾಗಳಲ್ಲಿ ಒಂದು ಈಗ ನೆಟ್‌ನಲ್ಲಿ ಸುಲಭವಾಗಿ ಸಿಗುತ್ತೆ. ಹೇಯ್ಸ್ ಅನ್ನೋ ಸ್ಟೇಷನ್ನಿನಲ್ಲಿ ಹಾದುಹೋಗುವ ಉಗಿಬಂಡಿಗಳು, ಐದು ನಿಮಿಷ ಅಷ್ಟೇ, ಕತೆ ಇಲ್ಲ, ನಟರಿಲ್ಲ. ನಿಮ್ಮ ಮನೆಯಲ್ಲಿ ಎಷ್ಟೇ ಸ್ಪೀಕರ್ ಇರಲಿ, ಅವತ್ತೊಂದು ದಿನ ಸರೌಂಡ್, ಹೈಟ್ ಎರಡನ್ನೂ ಆಫ್ ಮಾಡಿ ಮುಂದಿನ ಎರಡರಲ್ಲೇ ಕೇಳಿ. ಎರಡರಿಂದಲೂ ಸಮ ದೂರದಲ್ಲಿ ಕೂತ್ಕೊಳ್ಳಿ. ಚಿತ್ರ ಮಬ್ಬು, ದನಿಯಲ್ಲಿ ಕರಕರ ಇದೆ, ಆದರೂ ಬಂಡಿ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗೋದು ಸ್ಪಷ್ಟವಾಗಿ ಕೇಳುತ್ತೆ.